ಅಕ್ಕನ ಸೀರೆ, ಚಿಮಣಿ ಎಣ್ಣೆ

2004ರಲ್ಲಿ, ಏಳನೆಯ ತರಗತಿಗೇ ನನ್ನ ಓದು ನಿಂತಿತು. ಇವತ್ತಿಗೂ ಚಿಮಣಿ ಎಣ್ಣೆಯ, ಅದೇ ಸೀಮೆಎಣ್ಣೆಯ ವಾಸನೆ ಬಂದರೆ ಆ ವರ್ಷದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ಸಂಜೆ ಅಕ್ಕನ ಮದುವೆ ನಿಶ್ಚಯವಿತ್ತು. ಅಪ್ಪ ಅವಳಿಗೆಂದೇ ನೇಯ್ದ ಕೆಂಪು ಸೀರೆಯ ಮೇಲೆ ಮಗ್ಗದ ಎಣ್ಣೆ ಬಿದ್ದಿತ್ತು. ಅವ್ವ ನೀರು ಹಾಕಿ ಉಜ್ಜಿದಷ್ಟೂ ಕಲೆ ಹರಡಿತು.

“ಎಣ್ಣಿ ನೀರಾಗ ಕರಗೂದಿಲ್ಲಬೇ, ಚಿಮಣಿ ಎಣ್ಣ್ಯಾಗ ಕರಗತೈತಿ. ಮಾಸ್ತರು ಮಾಡಿ ತೋರ್ಸ್ಯಾರ,” ಎಂದೆ.

“ಬಣ್ಣಾನೂ ಕರಗಿದ್ರ ನಿಮ್ಮ ಮಾಸ್ತರ ಬ್ಯಾರೆ ಸೀರಿ ನೇಯ್ದು ಕೊಡ್ತಾನೇನಲೇ?” ಅಪ್ಪ ಗದರಿದ.

ಅಕ್ಕ ಒಂದು ಅರಿವೆ ಚೂರನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಕಲೆಗೆ ಒತ್ತಿದಳು. ಎತ್ತಿದಾಗ ಚೂರಿಗೆ ಕಪ್ಪು ಹತ್ತಿತ್ತು, ಕೆಂಪು ಹತ್ತಿರಲಿಲ್ಲ.

“ಮತ್ತೇನೇನ ಕಲಿಸ್ಯಾರಲೇ?” ಅಪ್ಪ ಮೆಲ್ಲಗೆ ಕೇಳಿದ. ನಾನು ಹುರುಪಿನಿಂದ ಹೇಳುತ್ತಲೇ ಹೋದೆ. ಅವನು ತಲೆ ಎತ್ತಲಿಲ್ಲ.

ಮುಂದಿನ ತಿಂಗಳು ಅಕ್ಕ ಗಂಡನ ಮನೆಗೆ ಹೋದಳು. ಅವಳು ನೇಯುತ್ತಿದ್ದ ಮಗ್ಗಕ್ಕೆ, ಸಾಲೆ ಬಿಟ್ಟು ನಾನು ಕೂತೆ.

ಈಗ ನನ್ನವೇ ಆರು ಮಗ್ಗಗಳಿವೆ, ಸಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ.