ಹದಿನೆಂಟು ಕಿಲೋ ಮಹಾನಂದಾ

ಹೃದಯದ ಕವಾಟ ಕಿರಿದಾದವರಿಗೆ, ದಣಿವಾಗದಿರಲೆಂದು, ಆಸ್ಪತ್ರೆಯಲ್ಲಿ ಕಟ್ಟಿಕೊಂಡಷ್ಟು ಹೊತ್ತು ಮೈತೂಕ ಇಳಿಸುವ ಸೊಂಟಪಟ್ಟಿ ಕೊಡುತ್ತಾರೆ. ಎಪ್ಪತ್ತೆರಡು ಕಿಲೋ ಇದ್ದ ಮಹಾನಂದಾ ಟೀಚರ್ ಆರು ತಿಂಗಳಿಂದ ಹದಿನೆಂಟು ಕಿಲೋ. ಒಂದೇ ನೆಗೆತಕ್ಕೆ ಮಾಳಿಗೆ ಹತ್ತಿ ಹಪ್ಪಳ ಒಣಗಿಸುತ್ತಾರೆ. ಓಣಿಯ ಖೋಖೋದಲ್ಲಿ ಅವರನ್ನು ಯಾರೂ ಮುಟ್ಟಲಾರರು.

ತಪಾಸಣೆಯ ದಿನ ಡಾಕ್ಟರ್ ಹೃದಯದ ಎಕೋ ಚಿತ್ರ ನೋಡಿ, "ಕವಾಟ ಇನ್ನೂ ಸಣ್ಣ ಆಗೇತ್ರೀ ಟೀಚರ್. ತಲಿ ತಿರಗತೈತೇನ್ರೀ?" ಎಂದರು.

"ಇಲ್ರೀ," ಎಂದರು ಟೀಚರ್. ಹೌದೆಂದರೆ ಆಪರೇಷನ್, ಆಮೇಲೆ ಪಟ್ಟಿ ವಾಪಸ್.

ಹಾರಿ ಹೋಗದಿರಲೆಂದು ಅವರ ಸೆರಗು ಹಿಡಿದು ನಿಂತಿದ್ದ ಗಂಡ ಈರಣ್ಣ ತಡೆದುಕೊಳ್ಳಲಿಲ್ಲ. "ಸುಳ್ಳ್ರೀ ಸಾಹೇಬ್ರ. ನಿನ್ನಿ ಮಾಳಗಿ ಮ್ಯಾಲ ಎಚ್ಚರ ತಪ್ಪಿ ಬಿದ್ದಿದ್ಲು."

"ನನ್ನ ಆಟ ಕಂಡ್ರ ಇವ್ರಿಗೆ ಹೊಟ್ಟಿಕಿಚ್ಚು."

"ಆರು ತಿಂಗಳಾತು, ಸ್ಕೂಟರ್ ಮ್ಯಾಲ ಹಿಂದ ನೀ ಅದೀಯೋ ಹಾರಿ ಹೋದಿಯೋ ಗೊತ್ತಾಗೂದಿಲ್ಲ. ತಿರುಗಿ ತಿರುಗಿ ನೋಡಿ ಕುತಗಿ ಹಿಡದೈತಿ."

ಟೀಚರ್ ನಕ್ಕ ರಭಸಕ್ಕೆ ಕುರ್ಚಿಯಿಂದ ಗೇಣುದ್ದ ಮೇಲೆದ್ದರು. ಕೆಳಗಿಳಿಯುವಷ್ಟರಲ್ಲಿ, "ಆಪರೇಷನ್ ಗುರುವಾರ ಮಾಡ್ರಿ," ಎಂದಿದ್ದರು.

ಹೊಸ ಕವಾಟ ಹಾಕಿಸಿಕೊಂಡು, ಪಟ್ಟಿ ವಾಪಸ್ ಕೊಟ್ಟು ಮನೆಗೆ ಹೊರಟ ದಿನ, ಸೇತುವೆಯ ಏರಿನಲ್ಲಿ ಸ್ಕೂಟರ್ ಮುಕ್ಕರಿಸಿ ಮುಕ್ಕರಿಸಿ ನಿಂತೇಬಿಟ್ಟಿತು. ಈರಣ್ಣ ಹಿಂದೆ ತಿರುಗಲೇ ಇಲ್ಲ.

"ನೀ ಅದೀ," ಎಂದರು.