ಬಿಸಿಲು ಉಳಿದಿದ್ದ ಜಾಗ

ಹೊನ್ನೂರಮ್ಮನ ಊರಿನ ಮೇಲೆಲ್ಲ ಸೌರ ಫಲಕಗಳ ಚಪ್ಪರ ಹಬ್ಬಿ ಹದಿಮೂರು ವರ್ಷವಾಗಿತ್ತು. ಆಕಾಶ ಕಾಣುತ್ತಿದ್ದುದು ಸ್ಮಶಾನದಲ್ಲಿ ಮಾತ್ರ. ಹಪ್ಪಳ ಒಣಗಿಸಲು, ಎಳೆಮಕ್ಕಳಿಗೆ ಎಣ್ಣೆ ಹಚ್ಚಿ ಬಿಸಿಲು ಕಾಯಿಸಲು ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಈಗ ಸಂಸತ್ತು ಕಾಯ್ದೆ ತಿದ್ದಿ, ದೇಶದ ಸೌರ ವಿದ್ಯುತ್ತಿನ ಗುರಿಯನ್ನು ಮತ್ತೆ ಏರಿಸಿತ್ತು. ಸ್ಮಶಾನಗಳಿಗಿದ್ದ ವಿನಾಯಿತಿ ಹೋಗಿತ್ತು.

ಮಗಳ ಗೋರಿಯ ಪಕ್ಕ ಕಂಬ ನೆಡುತ್ತಿದ್ದ ಮೇಸ್ತ್ರಿಯನ್ನು ಅವಳು ಬೇಡಿಕೊಂಡಳು: "ಇದೊಂದರ ಮ್ಯಾಲೆ ಬ್ಯಾಡಪ್ಪ. ಕತ್ತಲು ಕಂಡ್ರೆ ಹೆದರ್ತಿದ್ದ ಕೂಸು."

"ಬಿಡೋ ಹಂಗಿಲ್ಲಮ್ಮ, ಕಾನೂನೇ ಹಿಂಗೈತೆ," ಎಂದು ಅವನು ಮುಖ ತಿರುಗಿಸಿದ.

ಹೊನ್ನೂರಮ್ಮ ಗೋರಿಯ ಮೇಲೆ ಅಂಗೈ ಊರಿ ಕುಳಿತಳು. ತಲೆಯ ಮೇಲೆ ಫಲಕಗಳು ಒಂದೊಂದಾಗಿ ಕೂಡಿಕೊಂಡವು. ನೆರಳು ಬಿದ್ದ ಮೇಲೂ ಮಣ್ಣು ಸ್ವಲ್ಪ ಹೊತ್ತು ಬೆಚ್ಚಗಿತ್ತು. ಅದು ಪೂರ್ತಿ ತಣ್ಣಗಾಗುವವರೆಗೂ ಅವಳು ಕೈ ತೆಗೆಯಲಿಲ್ಲ.