ಕಪಾಟಿನಲ್ಲೇ ಉಳಿದ ಬೂಟು

ಕಪಾಟಿನ ಮೂಲೆಯಲ್ಲಿದ್ದ ಅಂಗೈಯಗಲದ ಬೂಟುಜೋಡಿಯನ್ನು ವಿನುತಾ ಕೈಗೆತ್ತಿಕೊಂಡಳು. ಎರಡನ್ನೂ ಸೇರಿಸಿ ಒಂದು ಕಬ್ಬಿಣದ ಪಟ್ಟಿ. ಸೊಟ್ಟಗಾಲಿನೊಂದಿಗೆ ಹುಟ್ಟಿದ ಕೂಸಿಗೆಂದು ಮಾಡಿಸಿದ್ದು. ಅಟ್ಟೆಗೆ ಮಣ್ಣೇ ಸೋಕಿರಲಿಲ್ಲ, ಮೇಲೆ ಮಾತ್ರ ಧೂಳು ಕೂತಿತ್ತು.

“ಯಾಣದ ಬದಿಯ ಗಣಪಿ ಅಂತ, ಅವಳ ಮಗನದ್ದು,” ಎಂದಳು ನರ್ಸ್ ಜಯಶ್ರೀ. “ಅಳತೆ ಕೊಟ್ಟು ಹೋದವಳು ತಿರುಗಿ ಬರ್ಲೇ ಇಲ್ಲ.”

ಮಕ್ಕಳ ಕಣ್ಣು, ಕಿವಿ, ಕಾಲು, ತೂಕ ಎಲ್ಲವನ್ನೂ ಒಂದೇ ಸೂರಿನಡಿ ನೋಡುವ ಕುಮಟಾದ ಈ ಕೇಂದ್ರದಿಂದ ಜನಕ್ಕೆ ಉಪಯೋಗವಾಗಿದೆಯೇ ಎಂದು ಪರಿಶೀಲಿಸಲು ವಿನುತಾ ತನ್ನ ಮೇಲಧಿಕಾರಿ ನಾಗಭೂಷಣರ ಜೊತೆ ಬಂದಿದ್ದಳು. ಬೆಂಚಿನ ಮೇಲೆ ಕೂತ ತಾಯಂದಿರನ್ನೆಲ್ಲ ಬೆಳಗ್ಗಿನಿಂದ ಕೇಳಿದ್ದಾಗಿತ್ತು. ಒಬ್ಬರ ಬಾಯಲ್ಲೂ ದೂರಿಲ್ಲ. ನಾಗಭೂಷಣರು ಖುಷಿಯಿಂದ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದರು.

“ಸರ್, ಗಣಪಿಯನ್ನ ಕೇಳ್ಬೇಕು.”

“ಬರದೇ ಇದ್ದವಳನ್ನ ಎಂತ ಕೇಳೂದು ಮಾರಾಯ್ತಿ?”

“ಯಾಕೆ ಬರ್ಲಿಲ್ಲ ಅಂತ. ಬರೂಕೆ ಆದವ್ರನ್ನ ಮಾತ್ರ ಕೇಳಿದ್ದೇವೆ, ಅದಕ್ಕೇ ಎಲ್ಲಾ ಚೊಲೋ ಕಾಣ್ತದೆ.”

ನಾಗಭೂಷಣರ ಕೈ ಜಿಪ್ಪಿನ ಮೇಲೇ ನಿಂತಿತು. ಜಯಶ್ರೀ ಮಾತ್ರ ನಕ್ಕಳು. “ಆ ಬೂಟು ತಕಂಡು ಹೋಗಿ ಎಂತ ಮಾಡ್ತೆ ತಂಗಿ? ಪೋರ ಬೆಳೆದಿರ್ತಾನೆ, ಈಗ ಅವನ ಕಾಲಿಗೆ ಆಗೂದಿಲ್ಲ.”

ವಿನುತಾ ಬೂಟನ್ನು ಕಪಾಟಿನಲ್ಲೇ ಇಟ್ಟು ಬಾಗಿಲು ಹಾಕಿದಳು. ಮೇಜಿನ ಮೇಲಿದ್ದ ಅಳತೆಯ ಟೇಪನ್ನು ಸುತ್ತಿ ಜಯಶ್ರೀಯ ಕೈಗಿತ್ತಳು.

“ಹಂಗಾದ್ರೆ ನೀವೂ ಏಳಿ ಅಕ್ಕ. ಯಾಣದ ಬಸ್ಸು ಇನ್ನೂ ಹೋಗ್ಲಿಲ್ಲ.”